‘ಪ್ಲಕ್’ ಎಂಬ ಪದದ ಅರ್ಥವೂ ಹುಟ್ಟೂ

ಧೈರ್ಯವನ್ನು ಸೂಚಿಸುವ ಇಂಗ್ಲಿಷ್ ಪದಗಳು ಹಲವುಂಟು. ಅವುಗಳಲ್ಲಿ ‘ಕರೇಜ್’ ಎಂಬುದು ಕುಲೀನವಾದುದು. ಹೃದಯವೆಂಬರ್ಥದ ‘ಕೋರ್’ ಎಂಬ ಲ್ಯಾಟಿನ್ ಶಬ್ದದಿಂದ ಹುಟ್ಟಿ, ಫ್ರೆಂಚ್ ಭಾಷೆಯ ಮಾರ್ಗವಾಗಿ ಬಂದುದು. ನಾವು ಇಲ್ಲಿ ವಿಚಾರಿಸಲಿರುವ ‘ಪ್ಲಕ್’ ಎಂಬ ಪದಕ್ಕಾದರೋ ಅಂಥ ಹಿರಿಮೆಯಿಲ್ಲ; ಅದು ಕಟುಕರ ಅಂಗಡಿಯಿಂದ ಬಂದುದು.

‘ಪ್ಲಕ್’ ಎಂದರೆ ಮೂಲತಃ ಕೀಳುವುದು. ಹೂ ಬಿಡಿಸುವುದಕ್ಕೂ ಕೋಳಿಯ ಪುಕ್ಕ ಕೀಳುವುದಕ್ಕೂ ಅದೇ ಕ್ರಿಯಾಪದ. ಕೊಯ್ದ ಕುರಿಯ ಒಡಲಿನಿಂದ ಒಟ್ಟಿಗೆ ಕಿತ್ತು ತೆಗೆಯುವ ಗುಂಡಿಗೆ, ಯಕೃತ್ತು, ಶ್ವಾಸಕೋಶಗಳಿಗೆ 17ನೆಯ ಶತಮಾನದಲ್ಲಿ ಅದೇ ಹೆಸರಾಯಿತು. 18ನೆಯ ಶತಮಾನದಲ್ಲಿ ಮುಷ್ಟಿಯುದ್ಧದವರು, ಪೆಟ್ಟು ತಿಂದೂ ಹಿಮ್ಮೆಟ್ಟದವನ ಎದೆಗಾರಿಕೆಯನ್ನು ಆ ಮಾತಿನಿಂದ ಕರೆದರು. 1827ರಲ್ಲಿ ಸರ್ ವಾಲ್ಟರ್ ಸ್ಕಾಟರು ತಮ್ಮ ದಿನಚರಿಯಲ್ಲಿ ಇದನ್ನು ಪುಂಡರ ಮಾತೆಂದೇ ಕರೆದಿದ್ದಾರೆ. ಕಾಲಕ್ರಮದಲ್ಲಿ ಅದು ಸಭ್ಯರ ಮಾತಾಯಿತು.

ಕನ್ನಡಿಗರಿಗೆ ಇದು ವಿಚಿತ್ರವಲ್ಲ. ನಾವೂ ‘ಅದಕ್ಕೆ ಗುಂಡಿಗೆ ಬೇಕು’ ಎನ್ನುತ್ತೇವಷ್ಟೆ. ನಮ್ಮ ‘ಕೆಚ್ಚೆದೆ’ಯಲ್ಲಿರುವ ಕೆಚ್ಚು ಮರದ ಒಳಗಿನ ಗಟ್ಟಿಭಾಗ. ಅದು ಎಳೆಯ ಸಸಿಯಲ್ಲಿರುವುದಿಲ್ಲ. ವರ್ಷಗಳು ಕಳೆದಂತೆ ಕೂಡಿಬರುತ್ತದೆ.

‘ಪ್ಲಕ್’ ಪದಕ್ಕೆ ವಿಶೇಷವಾದ ಛಾಯೆಯೊಂದುಂಟು. ಬಲಿಷ್ಠನು ಗೆದ್ದರೆ ಅದನ್ನು ಅಷ್ಟಾಗಿ ಬಳಸುವುದಿಲ್ಲ. ಬಲ ಸಾಲದಿದ್ದರೂ, ಸೋಲು ಎದುರಿಗಿದ್ದರೂ ಬಿಡದೆ ನಿಲ್ಲುವವರಿಗೇ ಅದು ಸಲ್ಲುತ್ತದೆ.

ಇದೇ ಪದಕ್ಕೆ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಹಿಂದೆ ಬೇರೊಂದು ಅರ್ಥವೂ ಇದ್ದಿತು. ಪರೀಕ್ಷೆಯಲ್ಲಿ ಅನುತ್ತೀರ್ಣನಾದವನನ್ನು ‘ಪ್ಲಕ್ಡ್’ ಎನ್ನುತ್ತಿದ್ದರು. ಆಕ್ಸ್‌ಫರ್ಡಿನಲ್ಲಿ ಪದವಿ ಕೊಡುವ ಸಮಯದಲ್ಲಿ, ಅಭ್ಯರ್ಥಿಯಿಂದ ಸಾಲ ಬರಬೇಕಾದ ವರ್ತಕನು ಅಧಿಕಾರಿಯ ನಿಲುವಂಗಿಯನ್ನು ಎಳೆದು ಆಕ್ಷೇಪಿಸಬಹುದಾಗಿತ್ತೆಂದೂ, ಈ ಮಾತು ಅದರಿಂದ ಬಂದಿತೆಂದೂ ಹೇಳುವುದುಂಟು.

ಒಂದೇ ಪದದಲ್ಲಿ ಧೈರ್ಯವೂ ಪರೀಕ್ಷೆಯ ಸೋಲೂ ಕೂಡಿರುವುದು ಆಕಸ್ಮಿಕವಿರಬಹುದು. ಆದರೂ ಪೋಷಕರು ಅದನ್ನು ಮನನಮಾಡಬೇಕೆಂದು ಬಯಸುತ್ತೇವೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಮೇಲೆ ಕೆಲವರು ಬಾಲಿಕೆಯರ ಓದು ಅಲ್ಲಿಗೇ ನಿಲ್ಲುವುದನ್ನು ನಾವು ಕಂಡಿದ್ದೇವೆ. ಮಗನಿಗಾದರೆ ಮತ್ತೊಮ್ಮೆ ಕಟ್ಟುವ ಶುಲ್ಕವನ್ನು ಮಗಳಿಗೆ ಕಟ್ಟಲು ಹಿಂಜರಿಯುವ ಮನೆಗಳನ್ನೂ ಬಲ್ಲೆವು. ನೆರೆಯವರ ಮಾತನ್ನು ಸಹಿಸಿಕೊಂಡು ಅದೇ ಪುಸ್ತಕವನ್ನು ಪುನಃ ತೆರೆಯುವ ಹುಡುಗಿಯಲ್ಲಿರುವುದು ಆ ಜಟ್ಟಿಗಳು ಮೆಚ್ಚಿದ ಗುಣವೇ. ಅದು ಬಲಿಯುವುದಕ್ಕೆ ಮೊದಲೇ ಅವಳನ್ನು ಶಾಲೆಯಿಂದ ಕೀಳಬೇಡಿರಿ.

ಹಳೆಯ ವಿದ್ಯಾರ್ಥಿನಿಯರೇ, ಎರಡನೆಯ ಸಲ ಕುಳಿತು ತೇರ್ಗಡೆಯಾದವರು ನಿಮ್ಮಲ್ಲಿಯೂ ಇರಬಹುದು. ಅಂಥವರು ನೆರೆಮನೆಯ ಹುಡುಗಿಗೆ ಆ ಸಂಗತಿಯನ್ನು ಮರೆಮಾಚದೆ ತಿಳಿಸಿದರೆ ದೊಡ್ಡ ಉಪಕಾರವಾದೀತು.