ಅಮೆರಿಕದ ಕಾಲೇಜಿನ ಮೊದಲ ಇಂಗ್ಲಿಷ್ ಕೋರ್ಸು: ಆರಿಸಿಕೊಳ್ಳುವುದು ಹೇಗೆ?

ಪಿಯುಸಿ ಮುಗಿಸಿ ಪದವಿ ಓದಲು ಅಮೆರಿಕಕ್ಕೆ ಹೊರಟ ನಮ್ಮ ಮಕ್ಕಳಿಗೆ ಗಣಿತ, ಭೌತಶಾಸ್ತ್ರದ ಕೋರ್ಸುಗಳನ್ನು ಆರಿಸುವುದು ಅಷ್ಟು ಕಷ್ಟವಲ್ಲ. ತೊಡಕಾಗುವುದು ಇಂಗ್ಲಿಷಿನಲ್ಲಿ. ಕಂಪ್ಯೂಟರ್ ಸೈನ್ಸ್ ಓದುವವರಾದರೂ ಸರಿ, ಅಲ್ಲಿನ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಬರವಣಿಗೆ ಕೋರ್ಸು ಕಡ್ಡಾಯ. ಪಟ್ಟಿ ತೆರೆದರೆ ಒಂದೇ ಕೋರ್ಸಿಗೆ ಹತ್ತಾರು ಸೆಕ್ಷನ್‌ಗಳು, ಒಂದೊಂದಕ್ಕೂ ಬೇರೆ ಬೇರೆ ವಿಷಯ. ‘ಯಾವುದು ಸುಲಭ?’ ಎಂದು ಸೀನಿಯರ್‌ಗಳನ್ನು ಕೇಳಿ ಹೆಸರು ಹಚ್ಚಿಬಿಡೋಣ ಎನಿಸುವುದು ಸಹಜ. ಅದಕ್ಕಿಂತ ಒಳ್ಳೆಯ ದಾರಿ ಇದೆ. ಅದನ್ನು ಒಂದೊಂದಾಗಿ ನೋಡೋಣ.

ಬರವಣಿಗೆಯ ಕೋರ್ಸು

ಮೊದಲು ಒಂದು ಅಳುಕನ್ನು ಬಿಡಿ. ಇದು ಇಂಗ್ಲಿಷ್ ಬಾರದವರಿಗಾಗಿ ಹುಟ್ಟಿದ ಕೋರ್ಸಲ್ಲ. ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿತು. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ಹುಡುಗರ ಬರವಣಿಗೆಯೂ ಸಾಲದೆಂದು ಕಂಡಾಗ, 1885ರಲ್ಲಿ ‘ಇಂಗ್ಲಿಷ್ ಎ’ ಎಂಬ ಕೋರ್ಸನ್ನು ಮೊದಲ ವರ್ಷದವರಿಗೆ ಇಟ್ಟಿತು. ಈಗ ಅಲ್ಲಿ ಆ ಕೆಲಸ ಮಾಡುವುದು ‘ಎಕ್ಸ್‌ಪೋಸ್ 20’. ಸ್ಟ್ಯಾನ್‌ಫರ್ಡ್‌ನಲ್ಲಿ ಮೊದಲ ವರ್ಷಕ್ಕೆ ‘ಪಿ.ಡಬ್ಲ್ಯು.ಆರ್. 1’, ಎರಡನೆಯ ವರ್ಷಕ್ಕೆ ‘ಪಿ.ಡಬ್ಲ್ಯು.ಆರ್. 2’, ಎರಡನೆಯದರಲ್ಲಿ ಬರೆಯುವುದರ ಜೊತೆಗೆ ಎದ್ದುನಿಂತು ಮಾತನಾಡುವುದಕ್ಕೂ ಒತ್ತು.

ಇಲ್ಲಿ ಕಲಿಸುವುದು ವಾದವನ್ನು ಕಟ್ಟುವುದು, ಆಧಾರ ಒದಗಿಸುವುದು, ಬರೆದದ್ದನ್ನು ತಿದ್ದುವುದು. ವ್ಯಾಕರಣ ಇವುಗಳ ಹಿಂದೆ ಬರುತ್ತದೆ. ಒಂದು ಉದಾಹರಣೆ ನೋಡಿ. ‘ಬೆಂಗಳೂರಿನ ಕೆರೆಗಳು ಹಾಳಾಗುತ್ತಿವೆ’ ಎಂದು ಪ್ರಬಂಧ ಶುರುಮಾಡಿದರೆ ಮೇಷ್ಟ್ರು ಅಂಚಿನಲ್ಲಿ ‘ಇದನ್ನು ಅಲ್ಲಗಳೆಯುವವರು ಯಾರು?’ ಎಂದು ಬರೆಯುತ್ತಾರೆ. ಯಾರೂ ಇಲ್ಲ, ಹಾಗಾಗಿ ಅಲ್ಲಿ ವಾದವೇ ಇಲ್ಲ. ‘ಬೆಳ್ಳಂದೂರು ಕೆರೆಯ ಹೂಳೆತ್ತುವುದಕ್ಕೆ ಮೊದಲು ಅದಕ್ಕೆ ಸೇರುವ ಕೊಳಚೆ ನೀರನ್ನು ತಡೆಯಬೇಕು’ ಎಂದು ತಿದ್ದಿ ನೋಡಿ. ಈಗ ಒಪ್ಪದವರು ಇರಬಹುದು, ಅವರಿಗೆ ಉತ್ತರ ಕೊಡಬೇಕು, ಉತ್ತರಕ್ಕೆ ಅಂಕಿಅಂಶ ಹುಡುಕಬೇಕು. ಪ್ರಬಂಧದ ಮುಂದಿನ ಪುಟಗಳೆಲ್ಲ ಆ ಒಂದು ವಾಕ್ಯದಿಂದಲೇ ಹೊರಡುತ್ತವೆ. ಅಲ್ಲಿ ಇದನ್ನು ‘ಥೀಸಿಸ್’ ಎನ್ನುತ್ತಾರೆ.

ಗೈಡಿನ ಉತ್ತರವನ್ನು ಬಾಯಿಪಾಠ ಮಾಡಿ ಅಂಕ ತೆಗೆದವರಿಗೆ ಇದು ಹೊಸದು. ಆದ್ದರಿಂದಲೇ ಈ ಕೋರ್ಸನ್ನು ಮುಂದೂಡಬೇಡಿ. ಲ್ಯಾಬ್ ವರದಿ, ಇತಿಹಾಸದ ಪ್ರಬಂಧ, ಇಂಟರ್ನ್‌ಶಿಪ್‌ನ ಅರ್ಜಿ ಎಲ್ಲಕ್ಕೂ ಇದೇ ಬುನಾದಿ.

ಸಾಹಿತ್ಯದ ಕೋರ್ಸು

ಸಾಹಿತ್ಯದ ಆರಂಭಿಕ ಕೋರ್ಸುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸರ್ವೇ ಕೋರ್ಸು: ಹಳೆಯ ಇಂಗ್ಲಿಷಿನಿಂದ ಹದಿನೆಂಟನೆಯ ಶತಮಾನದವರೆಗೆ ಒಂದು ಸೆಮಿಸ್ಟರ್, ರೊಮ್ಯಾಂಟಿಕ್ ಕವಿಗಳಿಂದ ಈಚೆಗೆ ಇನ್ನೊಂದು. ಎಂ. ಎಚ್. ಏಬ್ರಮ್ಸ್ ಸಂಪಾದಕತ್ವದಲ್ಲಿ 1962ರಲ್ಲಿ ಬಂದ ‘ನಾರ್ಟನ್ ಆಂಥಾಲಜಿ’ಯ ಎರಡು ದಪ್ಪ ಸಂಪುಟಗಳು ಇಂಥ ಕೋರ್ಸುಗಳಿಗೆಂದೇ ಸಿದ್ಧವಾದವು. ಓದು ಹೆಚ್ಚು, ವೇಗವೂ ಹೆಚ್ಚು.

ಇನ್ನೊಂದು, ಕಡಿಮೆ ಓದಿ ಆಳಕ್ಕೆ ಇಳಿಯುವ ಕೋರ್ಸು. ಕೇಂಬ್ರಿಜ್‌ನ ಐ. ಎ. ರಿಚರ್ಡ್ಸ್ ಕವಿಯ ಹೆಸರು ಅಳಿಸಿ ಕವಿತೆಗಳನ್ನು ವಿದ್ಯಾರ್ಥಿಗಳ ಕೈಗಿಟ್ಟು, ಅವರು ಬರೆದುಕೊಟ್ಟದ್ದನ್ನು ಪರಿಶೀಲಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟಿಸಿದರು. ಪುಟದ ಮೇಲಿನ ಪದಗಳನ್ನೇ ಹಿಡಿದು ಓದುವ ಆ ಕ್ರಮ ಇಂದಿಗೂ ತರಗತಿಗಳಲ್ಲಿ ಬಳಕೆಯಲ್ಲಿದೆ. ಷೇಕ್ಸ್‌ಪಿಯರ್ ಓದಿಲ್ಲವೆಂಬ ಹಿಂಜರಿಕೆ ಉಳ್ಳವರಿಗೆ ನಾನು ಈ ಬಗೆಯನ್ನೇ ಸೂಚಿಸುತ್ತೇನೆ. ಹದಿನಾಲ್ಕು ಸಾಲಿನ ಕವಿತೆಯ ಮುಂದೆ ಎಲ್ಲರೂ ಸಮಾನರು.

ಬರವಣಿಗೆ, ಸಾಹಿತ್ಯ ಎರಡೂ ಒಟ್ಟಿಗೇ ಸಿಗುವ ಕಡೆಗಳೂ ಇವೆ. ಬರ್ಕಲಿಯಲ್ಲಿ ‘ರೀಡಿಂಗ್ ಅಂಡ್ ಕಾಂಪೊಸಿಷನ್’ ಎಂಬ ಕೋರ್ಸುಗಳನ್ನು ಇಂಗ್ಲಿಷ್ ವಿಭಾಗವಷ್ಟೇ ಅಲ್ಲ, ತೌಲನಿಕ ಸಾಹಿತ್ಯ, ಸಿನಿಮಾ, ದಕ್ಷಿಣ ಏಷ್ಯಾ ಅಧ್ಯಯನದಂಥ ವಿಭಾಗಗಳೂ ನಡೆಸುತ್ತವೆ. ವಿಷಯ ನಿಮಗೆ ಹತ್ತಿರದ್ದಾದರೆ ಬರೆಯುವ ಕೈಗೆ ಅರ್ಧ ಬಲ ಬಂದಂತೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಎ. ಕೆ. ರಾಮಾನುಜನ್ ವಚನಗಳನ್ನು 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಆಗಿಯೂ, ಅನಂತಮೂರ್ತಿಯವರ ‘ಸಂಸ್ಕಾರ’ವನ್ನು 1976ರಲ್ಲಿಯೂ ಇಂಗ್ಲಿಷಿಗೆ ತಂದರು. ಇಂಥ ಕೃತಿಗಳು ಪಠ್ಯವಾಗಿರುವ ಸೆಕ್ಷನ್ ಸಿಕ್ಕರೆ, ಮೂಲವನ್ನೂ ಓದಬಲ್ಲ ನಿಮಗೆ ತರಗತಿಯಲ್ಲಿ ಹೇಳಲು ಬೇರೆ ಯಾರಲ್ಲೂ ಇರದ ಮಾತು ಇರುತ್ತದೆ.

ಯಾವ ಮೆಟ್ಟಿಲು?

ಕೆಲವು ಕಡೆ ಪ್ರವೇಶಕ್ಕೆ ಮೊದಲು ಪ್ಲೇಸ್‌ಮೆಂಟ್ ಪ್ರಬಂಧ ಬರೆಸಿ ಮಟ್ಟ ಗೊತ್ತುಮಾಡುತ್ತಾರೆ. ಇನ್ನು ಕೆಲವು ಕಡೆ ನಿಮ್ಮ ಮಟ್ಟವನ್ನು ನೀವೇ ಆರಿಸಬೇಕು. ಮಿಷಿಗನ್ನಿನ ಗ್ರ್ಯಾಂಡ್ ವ್ಯಾಲಿ ಸ್ಟೇಟ್ ವಿಶ್ವವಿದ್ಯಾಲಯ 1996ರಲ್ಲಿ ಶುರುಮಾಡಿದ ಈ ಪದ್ಧತಿ ಈಗ ಹಲವೆಡೆ ಇದೆ. ಇಂಗ್ಲಿಷ್ ಎರಡನೆಯ ಭಾಷೆಯಾಗಿರುವವರಿಗೆಂದೇ ಪ್ರತ್ಯೇಕ ಸೆಕ್ಷನ್ ಇದ್ದರೆ ಅದನ್ನು ಅವಮಾನವೆಂದು ಎಣಿಸಬೇಡಿ. ಪದವಿಗೆ ಅದರ ಕ್ರೆಡಿಟ್ ಸೇರುತ್ತದೆಯೇ ಎಂದು ಮಾತ್ರ ಅಡ್ವೈಸರ್ ಬಳಿ ಖಚಿತಪಡಿಸಿಕೊಳ್ಳಿ. ಎ.ಪಿ. (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್) ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವರಿಗೆ ಹಲವು ಕಾಲೇಜುಗಳು ವಿನಾಯಿತಿ ಕೊಡುತ್ತವೆ. ಆದರೂ ದೀರ್ಘ ಪ್ರಬಂಧವನ್ನು ಎರಡು ಮೂರು ಸಲ ತಿದ್ದಿ ಬರೆದ ಅನುಭವ ನಿಮಗಿಲ್ಲದಿದ್ದರೆ ಕೋರ್ಸು ತೆಗೆದುಕೊಳ್ಳುವುದೇ ಲಾಭ.

ಸಿಲಬಸ್ಸಿನಲ್ಲಿ ಏನು ನೋಡಬೇಕು?

ಸೆಕ್ಷನ್ನಿನ ಆಕರ್ಷಕ ಶೀರ್ಷಿಕೆಗೆ ಮರುಳಾಗದೆ ಸಿಲಬಸ್ ತೆರೆಯಿರಿ. ವಾರಕ್ಕೆ ಎಷ್ಟು ಪುಟ ಓದಬೇಕು? ಒಟ್ಟು ಎಷ್ಟು ಪ್ರಬಂಧ, ಒಂದೊಂದೂ ಎಷ್ಟು ಉದ್ದ? ಈ ಲೆಕ್ಕ ನಿಮ್ಮ ಲ್ಯಾಬ್‌ಗಳ ಹೊರೆಯ ಜೊತೆ ಹೊಂದಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು: ಕರಡನ್ನು ಓದಿ ಟೀಕೆ ಬರೆದು ಕೊಡುತ್ತಾರೆಯೇ, ತಿದ್ದಿ ಮತ್ತೆ ಒಪ್ಪಿಸಲು ಅವಕಾಶವಿದೆಯೇ? ಇದಕ್ಕೆ ‘ಹೌದು’ ಎನ್ನುವ ಕಟ್ಟುನಿಟ್ಟಿನ ಮೇಷ್ಟ್ರು, ಕರಡನ್ನು ನೋಡದೆ ಧಾರಾಳವಾಗಿ ಅಂಕ ಕೊಡುವವರಿಗಿಂತ ಮೇಲು. ಕೃತಿಚೌರ್ಯದ ನಿಯಮವನ್ನೂ ಎರಡು ಸಲ ಓದಿ. ಪುಸ್ತಕದ ವಾಕ್ಯವನ್ನು ಹೆಸರು ಹೇಳದೆ ಇಳಿಸಿದರೆ ಅಲ್ಲಿ ಅದು ಗಂಭೀರ ಅಪರಾಧ. ಎ.ಐ. ಬಳಕೆಯ ನಿಯಮ ಒಬ್ಬೊಬ್ಬ ಅಧ್ಯಾಪಕರದು ಒಂದೊಂದು ಬಗೆ, ಕೇಳಿಯೇ ತಿಳಿಯಿರಿ.

ಸೆಮಿಸ್ಟರ್ ಶುರುವಾದ ಮೇಲೂ ಕೋರ್ಸು ಬದಲಿಸಲು ಕೆಲವು ದಿನಗಳ ಗಡುವು ಇರುತ್ತದೆ. ಎರಡು ಸೆಕ್ಷನ್‌ಗಳ ಮೊದಲ ತರಗತಿಯಲ್ಲಿ ಕೂತು ನೋಡಿ ತೀರ್ಮಾನಿಸಿ. ಸೇರಿದ ಮೇಲೆ ಅಧ್ಯಾಪಕರ ಆಫೀಸ್ ಅವರ್ಸ್‌ಗೂ ರೈಟಿಂಗ್ ಸೆಂಟರಿಗೂ ಹೋಗಿ. ಎರಡಕ್ಕೂ ಬೇರೆ ಶುಲ್ಕವಿಲ್ಲ, ಎದುರಿಗೆ ಕೂತು ನಿಮ್ಮ ಕರಡನ್ನೇ ಓದುತ್ತಾರೆ. ಕೈಯಲ್ಲಿ ಅರೆಬರೆ ಕರಡು ಹಿಡಿದು ಮೊದಲ ತಿಂಗಳೇ ಹೋಗಿ ಕೂರುವವರು ಈ ಕೋರ್ಸಿನ ಪೂರ್ತಿ ಪ್ರಯೋಜನ ಪಡೆಯುತ್ತಾರೆ.