ಮೂಲವಿಜ್ಞಾನದ ಓದು: ಖರ್ಚು ಬೀಳುವುದೆಲ್ಲಿ

ಪಿಯುಸಿ ನಂತರ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದಂಥ ಮೂಲವಿಜ್ಞಾನದ ದಾರಿ ಹಿಡಿಯುವವರಿಗೆ ಸರ್ಕಾರಿ ಕಾಲೇಜಿನ ಬಿ.ಎಸ್ಸಿ. ಶುಲ್ಕ ದೊಡ್ಡ ಹೊರೆಯಲ್ಲ. ಹಣ ಕರಗುವುದು ಅದಕ್ಕೆ ಮೊದಲಿನ ಕೋಚಿಂಗ್‌ನಲ್ಲಿ. ಹಣ ಬೇಕಾಗುವುದು ಪದವಿ ಮುಗಿದ ಮೇಲಿನ, ಪೂರ್ಣ ಸಂಬಳವಿಲ್ಲದ ವರ್ಷಗಳಲ್ಲಿ. ಉಳಿತಾಯವನ್ನೆಲ್ಲ ಮೊದಲನೆಯದಕ್ಕೆ ಸುರಿದ ಮನೆಗಳು ಎರಡನೆಯದರ ಹೊತ್ತಿಗೆ ಬರಿಗೈಯಾಗಿರುತ್ತವೆ.

ಕರ್ನಾಟಕದ ಬಹುತೇಕ ಸರ್ಕಾರಿ ಕಾಲೇಜುಗಳಲ್ಲಿ ಬಿ.ಎಸ್ಸಿ. ಸೀಟಿಗೆ ಪಿಯುಸಿ ಅಂಕವೇ ಸಾಕು. ಸಿಇಟಿ ಇರುವುದು ಎಂಜಿನಿಯರಿಂಗ್, ಕೃಷಿ, ಫಾರ್ಮಸಿಯಂಥ ಕೋರ್ಸ್‌ಗಳಿಗೆ. ವಿಜ್ಞಾನಕ್ಕೆಂದೇ ಇರುವ ಪರೀಕ್ಷೆಗಳು ಬೇರೆ, ಪಿಯು ಕಾಲೇಜುಗಳಲ್ಲಿ ಅವುಗಳ ಸುದ್ದಿ ಕಡಿಮೆ. ಪುಣೆ, ತಿರುಪತಿ ಸೇರಿದಂತೆ ಏಳು ಊರುಗಳಲ್ಲಿರುವ ಐಸರ್‌ಗಳಿಗೆ ಐಎಟಿ ಬರೆಯಬೇಕು. ಬೆಂಗಳೂರಿನ ಐಐಎಸ್‌ಸಿ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಪದವಿಗೂ ಈಗ ಇದೇ ಪರೀಕ್ಷೆಯ ಅಂಕ ನಡೆಯುತ್ತದೆ. ಇದರಲ್ಲಿ ಕಾಲುಭಾಗ ಪ್ರಶ್ನೆಗಳು ಜೀವವಿಜ್ಞಾನದವು. ಹಾಗಾಗಿ ಪಿಸಿಎಂಬಿ ಓದಿದವರಿಗೆ ಇಲ್ಲಿ ಒಂದು ಕೈ ಮೇಲು. ಭುವನೇಶ್ವರದ ನೈಸರ್‌ಗೆ ನೆಸ್ಟ್. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾಥ್‌ಗೆ ಪ್ರತ್ಯೇಕ ಪರೀಕ್ಷೆಯಿದೆ. ಸೀಟು ಸಿಕ್ಕರೆ ಓದುವವರಿಗೇ ಮಾಸಿಕ ವಿದ್ಯಾರ್ಥಿವೇತನ ಕೊಡುತ್ತಾರೆ.

ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ ಬರುವ ಹಣ, 20,000 ಬೇಸಿಗೆಯ ಸಂಶೋಧನಾ ಯೋಜನೆಗೆ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರಷ್ಟು ಸ್ಥಾನದೊಳಗಿದ್ದು ಮೂಲವಿಜ್ಞಾನ ಓದುವವರು ಅರ್ಹರು. ಎಂಜಿನಿಯರಿಂಗ್, ವೈದ್ಯಕೀಯ ಸೇರಿದವರಿಗೆ ಇದಿಲ್ಲ. ಮನೆಯಿಂದ ದೂರ ಓದುವವರಿಗೆ ಇದು ದೊಡ್ಡ ಆಸರೆ. ಅಂಕಣಕಾರರ ಮನೆಯ ಲೆಕ್ಕದ ಪುಸ್ತಕದಲ್ಲಿ ಮಗಳ ಎಂ.ಎಸ್ಸಿ. ಕಾಲದ ದೊಡ್ಡ ಬಾಬ್ತುಗಳೆಂದರೆ ಪಿಜಿ ಬಾಡಿಗೆ ಮತ್ತು ಊಟ. ಕಾಲೇಜು ಶುಲ್ಕದ ಸಾಲು ಹುಡುಕಿದರೆ ಸಿಗುತ್ತದೆ.

ಶಿಕ್ಷಣ ಸಾಲ ಈ ಓದಿಗೆ ಅಷ್ಟಾಗಿ ಹೊಂದುವುದಿಲ್ಲ. ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷಕ್ಕೆ ಶುರುವಾಗುತ್ತದೆ. ಎಂಜಿನಿಯರ್‌ಗೆ ಆ ಹೊತ್ತಿಗೆ ಕೆಲಸ ಸಿಕ್ಕಿರಬಹುದು, ಬಿ.ಎಸ್ಸಿ.ಗೆ ಸಾಲ ಮಾಡಿದವರು ಆಗಿನ್ನೂ ಎಂ.ಎಸ್ಸಿ. ತರಗತಿಯಲ್ಲಿರುತ್ತಾರೆ. ಮುಂದಿನ ಓದಿಗಾಗಿ ಕಂತನ್ನು ಮುಂದೂಡಲು ಬ್ಯಾಂಕ್ ಒಪ್ಪಿದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಬಡ್ಡಿಯ ಮೇಲೆ ಎಂಟು ವರ್ಷದವರೆಗೆ ತೆರಿಗೆ ವಿನಾಯಿತಿ ಇದ್ದರೂ ಅದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ.

ಪಿಎಚ್.ಡಿ.ಗೆ ಬಂದರೆ ಆದಾಯ ಶುರು. ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಮೊತ್ತ ಸಣ್ಣದೇನಲ್ಲ. ಆದರೆ ಇದು ಸಂಬಳವಲ್ಲ: ಭವಿಷ್ಯನಿಧಿಯ ಕಂತು ಇಲ್ಲ, ಹಣ ಪ್ರತಿ ತಿಂಗಳೂ ಒಂದೇ ತಾರೀಕಿಗೆ ಬೀಳುತ್ತದೆಂಬ ಭರವಸೆಯೂ ಇಲ್ಲ. ಸಂಶೋಧನೆಗೆ ಸೇರುವ ಮೊದಲೇ ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿಟ್ಟಿರುವುದು ಒಳ್ಳೆಯದು. ಕೋಚಿಂಗ್‌ಗೆಂದು ತೆಗೆದಿಟ್ಟ ಹಣಕ್ಕೆ ಇದಕ್ಕಿಂತ ಉತ್ತಮ ಉಪಯೋಗ ಅಪರೂಪ. ಥೀಸಿಸ್ ಮುಗಿಯುವಾಗ ವಯಸ್ಸು ಮೂವತ್ತರ ಹತ್ತಿರ. ನಿವೃತ್ತಿಯ ಉಳಿತಾಯ ಶುರುವಾಗುವುದು ಅಲ್ಲಿಂದ.

ಅಷ್ಟು ಕಾಯಲಾಗದ ಮನೆಗೆ ಪ್ರೌಢಶಾಲಾ ಶಿಕ್ಷಕ ವೃತ್ತಿ ಹತ್ತಿರದ ದಾರಿ. ಬಿ.ಎಸ್ಸಿ. ಮತ್ತು ಬಿ.ಇಡಿ.ಗಳನ್ನು ಬೇರೆಬೇರೆಯಾಗಿ ಮಾಡಿದರೆ ಐದು ವರ್ಷ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಕಡೆ ಎರಡನ್ನೂ ಕೂಡಿಸಿದ ಕೋರ್ಸ್ ನಾಲ್ಕೇ ವರ್ಷದ್ದು, ಅದಕ್ಕೂ ಪ್ರವೇಶ ಪರೀಕ್ಷೆಯಿದೆ.