ಚಪ್ಪರದ ಸಂಗೀತ

ಚೈತ್ರಮಾಸ ಕಾಲಿಟ್ಟಿತೆಂದರೆ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಬೀದಿಯ ಮೂಲೆಗೊಂದು ಚಪ್ಪರ ಏಳುತ್ತದೆ. ಚಪ್ಪರ ಎದ್ದ ಮರುಸಂಜೆಯೇ ಅದರ ಕೆಳಗೆ ತಂಬೂರಿಯ ಶ್ರುತಿ ಕೂಡುತ್ತದೆ. ಶ್ರೀರಾಮನವಮಿಯು ಚೈತ್ರ ಶುದ್ಧ ನವಮಿಯಂದು ಬರುವ ಒಂದು ದಿನದ ಹಬ್ಬ. ಆದರೆ ಅದರ ಸಂಗೀತ ಒಂದು ದಿನಕ್ಕೆ ಮುಗಿಯುವುದಿಲ್ಲ. ಕೆಲವು ಕಡೆ ಒಂಬತ್ತು ದಿನ, ಕೆಲವು ಕಡೆ ಹದಿನೈದು ದಿನ, ದೊಡ್ಡ ಊರುಗಳಲ್ಲಿ ತಿಂಗಳು ತುಂಬುವವರೆಗೂ ಕಚೇರಿಗಳು ನಡೆಯುತ್ತವೆ. ಚೆನ್ನೈ ನಗರದ ಪ್ರಸಿದ್ಧ ಸಂಗೀತೋತ್ಸವ ಡಿಸೆಂಬರ್ ತಿಂಗಳ ಚಳಿಯಲ್ಲಿ ಜರುಗುವಂಥದು. ಇಲ್ಲಿಯವರು ಬೇಸಗೆಯ ಧಗೆಯನ್ನೇ ಆರಿಸಿಕೊಂಡಿದ್ದಾರೆ. ಇದಕ್ಕೆ ಹಬ್ಬವೊಂದೇ ಕಾರಣವಲ್ಲ. ಮಕ್ಕಳ ಪರೀಕ್ಷೆಗಳು ಮುಗಿಯುವ ಕಾಲವದು. ಹಗಲೆಲ್ಲ ಕಾದ ನೆಲ ಸಂಜೆಯ ಹೊತ್ತಿಗೆ ತಣಿಯತೊಡಗುತ್ತದೆ. ಮನೆಯೊಳಗೆ ಬೇಯುವುದಕ್ಕಿಂತ ಬಯಲಿನಲ್ಲಿ ಕೂರುವುದೇ ಹಿತವಾಗಿರುತ್ತದೆ. ನಡುವೆ ಒಂದೆರಡು ದಿನ ಮಾವಿನ ಮಳೆ ಬಂದು ಚಪ್ಪರದ ಸಂದುಗಳಿಂದ ವಿದ್ವಾಂಸರ ಶಾಲಿನ ಮೇಲೆ ತೊಟ್ಟಿಕ್ಕುವುದೂ ಉಂಟು. ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಮೈಸೂರಿನಲ್ಲಿ ಗಾಯಕ ಬಿಡಾರಂ ಕೃಷ್ಣಪ್ಪನವರು (1866–1931) ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿ, ರಾಮನ ಉತ್ಸವಕ್ಕೂ ಸಂಗೀತಕ್ಕೂ ಒಂದು ಮನೆ ಮಾಡಿಕೊಟ್ಟರು. ಅವರ ಶಿಷ್ಯರೇ ಪಿಟೀಲು ಚೌಡಯ್ಯನವರು (1895–1967). ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಪಿಟೀಲಿನ ನಾದ ಮುಟ್ಟಬೇಕೆಂಬ ಹಂಬಲದಿಂದ ಅವರು ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಸೇರಿಸಿದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಆರಂಭಿಸಿದ ಶ್ರೀರಾಮಸೇವಾ ಮಂಡಳಿಯ ಉತ್ಸವವು ಕಾಲಕ್ರಮದಲ್ಲಿ ನಾಡಿನಾಚೆಗೂ ಹೆಸರಾಯಿತು. ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಎದ್ದ ಅದರ ಚಪ್ಪರದಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದ್ದಾರೆ. ಒಳಗೆ ಸ್ಥಳ ಸಿಕ್ಕದವರು ರಸ್ತೆಯ ಅಂಚಿನಲ್ಲಿ ನಿಂತು ಕೇಳುತ್ತಿದ್ದರು.

ಆದರೆ ಸಂಗೀತಕ್ಕೆಂದೇ ಎಲ್ಲರೂ ಬರುತ್ತಿದ್ದರೆಂದು ಹೇಳಿದರೆ ಅದು ಪೂರ್ತಿ ನಿಜವಾಗದು. ರಾಮನವಮಿಯೆಂದರೆ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಬೆಲ್ಲವನ್ನು ತಣ್ಣೀರಿನಲ್ಲಿ ಕರಗಿಸಿ, ಸೋಸಿ, ನಿಂಬೆಯ ರಸ ಹಿಂಡಿ, ಏಲಕ್ಕಿ ಮತ್ತು ಒಣಶುಂಠಿಯ ಪುಡಿ ಬೆರೆಸಿದ ಪಾನಕವು ಬಿಸಿಲಿನಲ್ಲಿ ಬಂದವನ ಗಂಟಲಿನಲ್ಲಿ ಇಳಿಯುವ ಬಗೆಯನ್ನು ಕುಡಿದವರೇ ಬಲ್ಲರು. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ತೆಂಗಿನತುರಿ, ಕೊತ್ತಂಬರಿ ಸೊಪ್ಪು ಕಲಸಿ ಸಾಸಿವೆಯ ಒಗ್ಗರಣೆ ಕೊಟ್ಟ ಕೋಸಂಬರಿಯನ್ನು ದೊನ್ನೆಯಲ್ಲಿ ಹಂಚುತ್ತಾರೆ. ಒಂದು ದೊನ್ನೆ ಮುಗಿಸಿ ಬಾಯೊರೆಸಿಕೊಂಡು ಮತ್ತೆ ಸಾಲಿನ ತುದಿಗೆ ಬಂದು ನಿಲ್ಲುವ ಹುಡುಗರನ್ನು ಹಂಚುವವರು ಗುರುತಿಸದೆ ಇರುವುದಿಲ್ಲ, ಗುರುತಿಸಿಯೂ ಕೊಡುತ್ತಾರೆ. ಎಷ್ಟೋ ಜನ ದೊಡ್ಡ ರಸಿಕರು ಮೊದಲು ಚಪ್ಪರದೊಳಗೆ ಹೆಜ್ಜೆಯಿಟ್ಟದ್ದು ಪಾನಕದ ಆಸೆಯಿಂದಲೇ. ನಾಲಗೆಯು ಕಿವಿಗೆ ದಾರಿ ತೋರಿಸಿದರೆ ತಪ್ಪೇನೂ ಇಲ್ಲ.

ತೊಡಕಿರುವುದು ದಾರಿ ತೋರಿಸಿದ ನಾಲಗೆ ಅಲ್ಲಿಗೇ ಸುಮ್ಮನಾಗದಿರುವುದರಲ್ಲಿ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ರೂಢಿಗೆ ತಂದ ಕ್ರಮದಲ್ಲಿ ಕಚೇರಿಯು ವರ್ಣದಿಂದ ಮೊದಲಾಗಿ, ಕೆಲವು ಕೃತಿಗಳನ್ನು ದಾಟಿ, ಒಂದು ದೊಡ್ಡ ರಾಗದ ಆಲಾಪನೆಗೆ ಏರುತ್ತದೆ. ಆ ಮುಖ್ಯ ಕೃತಿ ಮುಗಿಯುವ ಹೊತ್ತಿಗೆ ಗಾಯಕರು ಮೌನವಾಗಿ ಕೈಯಲ್ಲಿ ತಾಳ ಹಾಕುತ್ತ ಕುಳಿತು, ಮೃದಂಗದವರಿಗೆ ಅವಕಾಶ ಬಿಟ್ಟುಕೊಡುತ್ತಾರೆ. ಇದೇ ತನಿಯಾವರ್ತನೆ. ಆದಿತಾಳವಾದರೆ ಎಣಿಕೆ ಸುಲಭ: ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು; ಬಳಿಕ ತಟ್ಟು, ಬೀಸು; ಮತ್ತೊಮ್ಮೆ ತಟ್ಟು, ಬೀಸು. ಈ ಎಂಟು ಎಣಿಕೆಯನ್ನು ಬಿಡದೆ ಹಿಡಿದುಕೊಂಡವನಿಗೆ ಮೃದಂಗದವರು ಎಲ್ಲಿಂದೆಲ್ಲಿಗೆ ಹೋಗಿ ಹೇಗೆ ಮರಳಿ ಬಂದರೆಂಬುದು ಒಂದು ಕಥೆಯಂತೆ ತೆರೆದುಕೊಳ್ಳುತ್ತದೆ. ಎಣಿಕೆ ತಪ್ಪಿದವನಿಗೆ ಅದು ಬರಿಯ ಸದ್ದು. ಆದುದರಿಂದಲೇ ತನಿ ಆರಂಭವಾದೊಡನೆ ಚಪ್ಪರದಲ್ಲಿ ಅರ್ಧದಷ್ಟು ಜನ ಎದ್ದುನಿಲ್ಲುತ್ತಾರೆ. ಕಾಫಿಗೆ ಒಬ್ಬರು, ಕಾಲು ಸಡಿಲಿಸುವುದಕ್ಕೆ ಮತ್ತೊಬ್ಬರು, ಗೆಳೆಯರೊಡನೆ ಹರಟುವುದಕ್ಕೆ ಉಳಿದವರು. ಅಷ್ಟು ಹೊತ್ತು ಬೆರಳು ನೋಯುವಂತೆ ನುಡಿಸುವ ಕಲಾವಿದನ ಎದುರಿನಲ್ಲೇ ಬೆನ್ನು ತಿರುಗಿಸಿ ನಡೆಯುವ ಈ ವಾಡಿಕೆ ಕನ್ನಡಿಗರಿಗೆ ಶೋಭೆ ತರುವಂಥದಲ್ಲ.

ಎದ್ದುಹೋದವರು ಏನನ್ನು ಕಳೆದುಕೊಳ್ಳುತ್ತಿದ್ದರೆಂಬುದನ್ನು ತಿಳಿಯಬೇಕಾದರೆ ಆ ಕಾಲವನ್ನು ನೆನೆಯಬೇಕು. ಕೇಳಿದ ಸಂಗೀತವನ್ನು ಮತ್ತೆ ಕೇಳುವ ಉಪಾಯ ಆಗ ಬಹಳ ಜನರಿಗೆ ಇರಲಿಲ್ಲ. ಗ್ರಾಮಫೋನಿನ ಹಳೆಯ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚು ಕಾಲದ ಹಾಡು. ಒಂದು ಗಂಟೆಯ ಆಲಾಪನೆ ಅದರಲ್ಲಿ ಹೇಗೆ ಅಡಗೀತು? 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಮೇಲೆ ಸಂಗೀತ ಮನೆಯೊಳಕ್ಕೆ ಬಂದಿತು, ಆದರೆ ಅದೂ ಬಂದ ಹಾಗೆಯೇ ಹಾರಿಹೋಗುತ್ತಿತ್ತು. ನೆನಪೇ ಜನರ ಪೆಟ್ಟಿಗೆ. ಮೈಸೂರು ವಾಸುದೇವಾಚಾರ್ಯರು (1865–1961) ತಿರುವಯ್ಯಾರಿನಲ್ಲಿ ಪಟ್ನಂ ಸುಬ್ರಹ್ಮಣ್ಯ ಅಯ್ಯರವರ ಬಳಿ ಗುರುಕುಲವಾಸ ಮಾಡಿ ಕಲಿತುಬಂದವರು. ಮುಪ್ಪಿನಲ್ಲಿ ಅವರು ತಮ್ಮ ಕಾಲದ ವಿದ್ವಾಂಸರನ್ನು ಕುರಿತು ‘ನಾ ಕಂಡ ಕಲಾವಿದರು’ ಎಂಬ ಪುಸ್ತಕ ಬರೆದರು. ತಾವು ಎಳೆಯ ಪ್ರಾಯದಲ್ಲಿ ಕೇಳಿದ ಸಂಗೀತವನ್ನು, ಕಂಡ ಮನುಷ್ಯರನ್ನು ಅವರು ಎಷ್ಟೋ ವರ್ಷಗಳ ಮೇಲೆ ಕಿವಿಯ ನೆನಪಿನಿಂದಲೇ ಹೊರತೆಗೆದರು. ಅಲ್ಲಿ ಬರುವ ಹಲವು ಹಿರಿಯರ ದನಿ ಯಾವ ತಟ್ಟೆಯಲ್ಲಿಯೂ ಉಳಿದಿಲ್ಲ.

ಇಂಥ ಕಾಲದ ಕೊನೆಯ ಅಂಚಿನಲ್ಲಿ, 1960ರ ದಶಕದಲ್ಲಿ, ಬೆಂಗಳೂರಿನ ಒಂದು ಮನೆಯಿಂದ ತಾತ ಮೊಮ್ಮಗ ಇಬ್ಬರೂ ದಿನವೂ ರಾಮನವಮಿಯ ಕಚೇರಿಗೆ ನಡೆದುಹೋಗುತ್ತಿದ್ದರು. ತಾತನ ಬಳಿ ಒಂದು ನೋಟುಪುಸ್ತಕವಿತ್ತು. ಕಚೇರಿಯಿಂದ ಬಂದು ಕಾಲು ತೊಳೆದು, ಮಲಗುವ ಮುನ್ನ ಅಂದು ಹಾಡಿದ ಕೃತಿಗಳನ್ನೆಲ್ಲ ರಾಗ ತಾಳಗಳ ಸಹಿತ ಅದರಲ್ಲಿ ಸಾಲಾಗಿ ಬರೆಯುವುದು ಅವರ ನೇಮ. ಇಪ್ಪತ್ತಕ್ಕೂ ಹೆಚ್ಚು ಬೇಸಗೆಗಳ ಲೆಕ್ಕ ಅದರಲ್ಲಿತ್ತು. ಹುಡುಗನಿಗೆ ಹತ್ತು ವರ್ಷ. ಶಂಕರಾಭರಣಕ್ಕೂ ಕಲ್ಯಾಣಿಗೂ ಇರುವ ವ್ಯತ್ಯಾಸ ಒಂದೇ ಸ್ವರದ್ದು, ಒಂದರಲ್ಲಿ ಶುದ್ಧ ಮಧ್ಯಮ, ಇನ್ನೊಂದರಲ್ಲಿ ಪ್ರತಿ ಮಧ್ಯಮ ಎಂದು ತಾತ ನಡೆಯುತ್ತಲೇ ಗುನುಗಿ ತೋರಿಸುತ್ತಿದ್ದರು. ಒಂದು ಬೇಸಗೆ ಕಳೆಯುವುದರೊಳಗೆ ಹುಡುಗನ ಕಿವಿ ಅದನ್ನು ಹಿಡಿಯಿತು.

ಮರುವರ್ಷದ ಚೈತ್ರದ ವೇಳೆಗೆ ತಾತನ ಕಿವಿ ಮಂದವಾಗಿತ್ತು. ಮುಪ್ಪಿನಲ್ಲಿ ಕಿವಿ ಮೊದಲು ಬಿಟ್ಟುಕೊಡುವುದು ಎತ್ತರದ ಸ್ವರಗಳನ್ನು, ಮಾತಿನಲ್ಲಿ ವ್ಯಂಜನಗಳನ್ನು. ಮೃದಂಗದ ಎಡಭಾಗದ ಗುಮುಗು ಅವರಿಗೆ ಕೇಳುತ್ತಿತ್ತು. ಸಾಹಿತ್ಯದ ಅಕ್ಷರಗಳು ಕಲಸಿಹೋಗುತ್ತಿದ್ದವು. ದೊಡ್ಡ ರಾಗವನ್ನು ಬಹಳ ಹೊತ್ತು ಹಾಡಿದರೆ ಹೇಗೋ ಗುರುತಿಸುತ್ತಿದ್ದರು. ಸಣ್ಣ ಹಾಡುಗಳು ಮಾತ್ರ ಕೈತಪ್ಪಿ ಹೋಗುತ್ತಿದ್ದವು. ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಪ್ಪರದಲ್ಲಿ ಜೊತೆಗೆ ಕೂರುವ ಹಳೆಯ ಗೆಳೆಯರಿಗೆ ತಿಳಿಸುವುದಕ್ಕೆ ಅವರಿಗೆ ಸಂಕೋಚ. ಮೊಮ್ಮಗನಿಗೆ ಮಾತ್ರ ಹೇಳಿದ್ದರು. ದಾರಿಯಲ್ಲಿ, “ಮಗು, ತನಿಯ ಮೇಲೆ ಏನು ಹಾಡಿದರು?” ಎಂದು ಕೇಳುವರು, ಹುಡುಗ ಹೇಳುವನು, ಮನೆಗೆ ಬಂದು ಅದನ್ನು ಬರೆಯುವರು. ಹೀಗೆ ಹುಡುಗನ ಕಿವಿಯಿಂದ ಆ ಪುಸ್ತಕದ ಸಾಲುಗಳು ತುಂಬುತ್ತಿದ್ದವು.

ಒಂದು ಸಂಜೆ ತನಿಯಾವರ್ತನೆ ಆರಂಭವಾದಾಗ ಹುಡುಗನ ಕಣ್ಣು ಚಪ್ಪರದ ಹೊರಗಿನ ಐಸ್‌ಕ್ಯಾಂಡಿ ಗಾಡಿಯ ಮೇಲೆ ಬಿದ್ದಿತು. ಜೇಬಿನಲ್ಲಿ ಐದು ಪೈಸೆ ಇತ್ತು. ತನಿ ಮುಗಿಯುವುದರೊಳಗೆ ಬಂದುಬಿಡಬಹುದೆಂದು ಎದ್ದನು. ಗಾಡಿಯ ಬಳಿ ಶಾಲೆಯ ಗೆಳೆಯನೊಬ್ಬ ಸಿಕ್ಕಿದನು, ಬುಗುರಿಯ ಮಾತು ಬಂದಿತು, ಬುಗುರಿಯೂ ಹೊರಬಂದಿತು. ಅವನು ಮರಳಿ ಬಂದು ಜಮಖಾನೆಯ ಮೇಲೆ ಕುಳಿತಾಗ ಗಾಯಕರು ಮಂಗಳ ಹಾಡುತ್ತಿದ್ದರು. ನಡುವೆ ಏನೋ ಒಂದು ನಡೆದುಹೋಗಿತ್ತು. ಸುತ್ತಲಿನವರು ಎಂದಿನಂತೆ ಚಪ್ಪಲಿ ಹುಡುಕುವ ಆತುರದಲ್ಲಿರಲಿಲ್ಲ. ಪಕ್ಕದ ಹಿರಿಯರು ಉತ್ತರೀಯದ ಚುಂಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರು. ತಾತ ಅವರ ಮುಖವನ್ನೂ ವೇದಿಕೆಯನ್ನೂ ಮತ್ತೆ ಮತ್ತೆ ನೋಡುತ್ತಿದ್ದರು.

ದಾರಿಯಲ್ಲಿ ತಾತ ಎಂದಿಗಿಂತ ಬೇಗನೆ ಕೇಳಿದರು. “ತನಿ ಆದ ಮೇಲೆ ಒಂದು ಹಾಡಿದರಲ್ಲ ಮಗು, ಅದು ಯಾವುದು?”

“ಕಾಪಿ ರಾಗ, ತಾತ. ದೇವರನಾಮ” ಎಂದನು ಹುಡುಗ.

“ಹೌದೇ?” ಎಂದರು ತಾತ. ಬೀದಿಯ ದೀಪದ ಕೆಳಗೆ ಒಂದು ಕ್ಷಣ ನಿಂತು ಅವನ ಮುಖ ನೋಡಿದರು. ಐಸ್‌ಕ್ಯಾಂಡಿಯ ಕೆಂಪು ಅವನ ನಾಲಗೆಯ ಮೇಲೆಯೂ ತುಟಿಯ ಮೇಲೆಯೂ ಇತ್ತು. ಅವರು ಮತ್ತೇನನ್ನೂ ಕೇಳಲಿಲ್ಲ. ಕೈ ಹಿಡಿದುಕೊಂಡು ರಸ್ತೆ ದಾಟಿಸಿದರು. ಬೈದಿದ್ದರೆ ಹುಡುಗನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಹುಡುಗನಿಗೆ ಈಗ ಎಪ್ಪತ್ತರ ಸಮೀಪ. ರಾಮನವಮಿಯ ಕಚೇರಿಗಳಿಗೆ ತಪ್ಪದೆ ಹೋಗುತ್ತಾನೆ. ಚಪ್ಪರಕ್ಕೆ ತಗಡಿನ ಹೊದಿಕೆ ಬಂದಿದೆ, ಜಮಖಾನೆಯ ಸ್ಥಳಕ್ಕೆ ಕುರ್ಚಿಗಳು ಬಂದಿವೆ. ಪಾನಕ ಕಾಗದದ ಲೋಟದಲ್ಲಿ ಬರುತ್ತದೆ, ರುಚಿ ಕೆಟ್ಟಿಲ್ಲ. ಆಕರ್ಷಣೆಗಳು ಈಗ ಚಪ್ಪರದ ಹೊರಗೆ ಕಾಯುತ್ತಿಲ್ಲ. ಅಂಗಿಯ ಜೇಬಿನಲ್ಲಿಯೇ ಕುಳಿತಿವೆ. ಆಲಾಪನೆ ಆರಂಭವಾದೊಡನೆ ನೂರು ಕೈಗಳು ಮೊಬೈಲ್ ಫೋನುಗಳನ್ನು ಎತ್ತಿ ಹಿಡಿಯುತ್ತವೆ. ಅವನೂ ಕೆಲವು ವರ್ಷ ಹಾಗೆಯೇ ಮಾಡಿದನು. ಇನ್ನೊಮ್ಮೆ ಏನನ್ನೂ ಕಳೆದುಕೊಳ್ಳಬಾರದೆಂಬುದು ಅವನ ಹಟವಾಗಿತ್ತು. ಕಚೇರಿಗಳು ಒಂದರ ಮೇಲೊಂದು ಫೋನಿನಲ್ಲಿ ಸೇರಿದವು. ಮನೆಗೆ ಬಂದ ಮೇಲೆ ಅವುಗಳನ್ನು ತೆರೆದು ಕೇಳಿದ್ದು ಬಹು ಅಪರೂಪ. ಒಂದು ದಿನ ಹಿಂದಿನ ಸಂಜೆಯ ಮುಖ್ಯ ರಾಗ ಯಾವುದೆಂದು ಗೆಳೆಯರು ಕೇಳಿದಾಗ ಅವನಿಗೆ ನೆನಪಾಗಲಿಲ್ಲ. ಫೋನನ್ನು ನೋಡಿ ಹೇಳಬೇಕಾಯಿತು.

ಇದು ಅವನೊಬ್ಬನ ಅನುಭವವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರು 2014ರಲ್ಲಿ ಅಚ್ಚಾದ ಒಂದು ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದು, ಕೆಲವು ವಸ್ತುಗಳನ್ನು ಬರಿದೆ ನೋಡಲು, ಕೆಲವನ್ನು ಚಿತ್ರ ತೆಗೆಯಲು ಹೇಳಿದರು. ಮರುದಿನ ಪರೀಕ್ಷಿಸಿದಾಗ, ಚಿತ್ರ ತೆಗೆದ ವಸ್ತುಗಳಿಗಿಂತ ಬರಿದೆ ನೋಡಿದ ವಸ್ತುಗಳೇ ಹೆಚ್ಚಾಗಿ ನೆನಪಿನಲ್ಲಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ಎಳೆದು ಚಿತ್ರ ತೆಗೆಯಬೇಕೆಂದು ಹೇಳಿದಾಗ ಈ ಮರೆವು ಕಾಣಿಸಲಿಲ್ಲ. ಯಂತ್ರದ ತಪ್ಪು ಇಷ್ಟೇ ಎಂದು ತೋರುತ್ತದೆ: ತಾನು ನೆನಪಿಟ್ಟುಕೊಳ್ಳುತ್ತೇನೆಂದು ಅದು ಹೇಳುತ್ತದೆ, ಮನಸ್ಸು ಅದನ್ನು ನಂಬಿ ವಿರಮಿಸುತ್ತದೆ. ಧ್ವನಿಮುದ್ರಣವನ್ನೇ ಜರೆಯುವುದು ಸರಿಯಲ್ಲ; ಅದಿಲ್ಲದಿದ್ದರೆ ಚೌಡಯ್ಯನವರ ಕಮಾನಿನ ನಾದ ಇಂದಿನ ಮಕ್ಕಳ ಕಿವಿಗೆ ಬೀಳುತ್ತಿರಲಿಲ್ಲ.

ಈಗ ಅವನು ಚಪ್ಪರದೊಳಗೆ ಕೂರುವ ಮುನ್ನ ಫೋನನ್ನು ಆರಿಸಿ ಜೇಬಿಗೆ ಹಾಕುತ್ತಾನೆ. ತನಿಯಾವರ್ತನೆಗೆ ಏಳುವುದಿಲ್ಲ. ಮೊಣಕಾಲು ನೋಯುತ್ತದೆ, ಬಿಸಿ ಕಾಫಿಯ ಪರಿಮಳವೂ ಬರುತ್ತದೆ. ಕೈ ತಾಳ ಹಾಕುತ್ತಲೇ ಇರುತ್ತದೆ. ಮನೆಗೆ ಬಂದು ತಾತನ ನೋಟುಪುಸ್ತಕದ ಮುಂದಿನ ಹಾಳೆಯಲ್ಲಿ ಅಂದಿನ ಪಟ್ಟಿ ಬರೆಯುತ್ತಾನೆ. ಬರೆದಾದ ಮೇಲೆ ಒಮ್ಮೊಮ್ಮೆ ಹಳೆಯ ಹಾಳೆಗಳನ್ನು ಹಿಂದಕ್ಕೆ ತಿರುಗಿಸುವುದುಂಟು. ಆ ಸಂಜೆಯ ತಾರೀಖು ಅಲ್ಲಿದೆ. ವರ್ಣದಿಂದ ಮುಖ್ಯ ಕೃತಿಯವರೆಗೆ ಎಲ್ಲವೂ ತಾತನ ಮುದ್ದಾದ ಅಕ್ಷರಗಳಲ್ಲಿವೆ. ಕೆಳಗೆ ‘ತನಿ’ ಎಂದಿದೆ, ಎಲ್ಲಕ್ಕೂ ಕೊನೆಗೆ ‘ಮಂಗಳ’ ಎಂದಿದೆ. ಅವೆರಡರ ನಡುವೆ ಕಾಪಿ ರಾಗವೆಂದು ಬರೆದಿಲ್ಲ. ಒಂದು ಸಾಲಿನಷ್ಟು ಸ್ಥಳವನ್ನು ಖಾಲಿ ಬಿಟ್ಟಿದೆ.